ಅಗ್ಗದ ಡುಕಾಟಿಯ ಅಸಲು ಬೆಲೆ

ಒಬ್ಬರೇ ಮಾಲೀಕರು. ಸದಾ ಗ್ಯಾರೇಜಿನೊಳಗೆ ಇಟ್ಟದ್ದು. ಇಪ್ಪತ್ತು ವರ್ಷದಲ್ಲಿ ಓಡಿದ್ದು ಬರೀ 14,000 ಕಿಲೋಮೀಟರ್. ಜಾಹೀರಾತಿನಲ್ಲಿ ಈ ಮೂರು ಸಾಲು ಕಂಡರೆ ಯಾರ ಮನಸ್ಸಾದರೂ ಹಿಗ್ಗುತ್ತದೆ. ಆದರೆ ಇಟಲಿಯ ಡುಕಾಟಿ ಕಂಪನಿಯ ಎಸ್‌ಟಿ ಎಂಬ ಹಳೆಯ ದೂರಪ್ರಯಾಣದ ಬೈಕಿನ ವಿಷಯದಲ್ಲಿ ನಾನು ಎಲ್ಲಕ್ಕಿಂತ ಹೆಚ್ಚು ಅನುಮಾನದಿಂದ ನೋಡುವುದು ಇಂಥ ಬೈಕನ್ನೇ. ಈ ಎಂಜಿನ್ನಿನ ಎರಡು ರಬ್ಬರ್ ಬೆಲ್ಟುಗಳನ್ನು 20,000 ಕಿಲೋಮೀಟರಿಗೆ ಅಥವಾ ಎರಡು ವರ್ಷಕ್ಕೆ, ಯಾವುದು ಮೊದಲು ಬರುತ್ತದೋ ಅದಕ್ಕೆ ಬದಲಾಯಿಸಬೇಕು. ಓಡೋಮೀಟರನ್ನು ನಂಬಿದ ಮಾಲೀಕರಿಗೆ ಇನ್ನೂ ಒಮ್ಮೆಯೂ ಆ ಸಮಯ ಬಂದಿಲ್ಲ. ಕ್ಯಾಲೆಂಡರಿನ ಪ್ರಕಾರ ಹತ್ತು ಬಾರಿ ಬಂದು ಹೋಗಿದೆ.

ಹಳೆಯ ಇಟಾಲಿಯನ್ ಬೈಕ್ ಕೊಳ್ಳುವ ಮಾತು ಬಂದಾಗಲೆಲ್ಲ ಎದುರಾಗುವ ಪ್ರಶ್ನೆ 'ಅದು ನಂಬಿಕೆಗೆ ಅರ್ಹವೇ?' ಎಂಬುದು. ಈ ಪ್ರಶ್ನೆಯಿಂದ ಹೆಚ್ಚು ಪ್ರಯೋಜನವಿಲ್ಲ. ಕಾಲಕಾಲಕ್ಕೆ ಕೆಲಸ ಮಾಡಿಸಿಕೊಂಡ ಎಸ್‌ಟಿಗಳು ಲಕ್ಷ ಕಿಲೋಮೀಟರ್ ಆಚೆಗೂ ಓಡುತ್ತವೆ. ಮಾಡಿಸಿಕೊಳ್ಳದವು ಗ್ಯಾರೇಜಿನಲ್ಲಿ ನಿಂತಲ್ಲೇ ಕೆಡುತ್ತವೆ. ಕೇಳಬೇಕಾದ ಪ್ರಶ್ನೆಗಳು ಎರಡು. ಹಿಂದಿನವರು ಮಾಡಿಸದೆ ಬಿಟ್ಟ ಕೆಲಸ ಎಷ್ಟಿದೆ? ಮುಂದಿನ ಕೆಲಸವನ್ನು ನಮಗೆ ಮಾಡಿಕೊಡುವವರು ಯಾರು? ಜಾಹೀರಾತಿನ ಬೆಲೆ ಕಡಿಮೆ ಇದ್ದಷ್ಟೂ ಮೊದಲ ಪ್ರಶ್ನೆಯ ಉತ್ತರ ದೊಡ್ಡದಾಗಿರುತ್ತದೆ.

ಮೊದಲು ಬೈಕುಗಳ ಪರಿಚಯ. ಬೊಲೋನ್ಯಾದ ಬೋರ್ಗೊ ಪನಿಗಾಲೆಯಲ್ಲಿರುವ ಡುಕಾಟಿ ಕಾರ್ಖಾನೆ 1996ರಲ್ಲಿ ಹಣದ ಮುಗ್ಗಟ್ಟಿನಲ್ಲಿತ್ತು. ಆ ವರ್ಷ ಅಮೆರಿಕದ ಟೆಕ್ಸಸ್ ಪೆಸಿಫಿಕ್ ಗ್ರೂಪ್, ಕಾಜೀವಾ ಕಂಪನಿಯ ಕ್ಯಾಸ್ಟಿಲ್ಯೋನಿ ಸಹೋದರರಿಂದ ಅದರ ದೊಡ್ಡ ಪಾಲನ್ನು ಕೊಂಡಿತು. ರೇಸ್ ಟ್ರ್ಯಾಕಿನಲ್ಲಿ ಡುಕಾಟಿಯ 916 ಎಂಬ ಸ್ಪೋರ್ಟ್ಸ್ ಬೈಕ್ ಗೆಲ್ಲುತ್ತಿತ್ತು, ನಿಜ; ಆದರೆ ಅದರ ಮೇಲೆ ಎರಡು ಗಂಟೆ ಕುಳಿತರೆ ಮಣಿಕಟ್ಟು ಮಾತಾಡುತ್ತದೆ. ದೂರ ಪ್ರಯಾಣಕ್ಕೆ ಒಗ್ಗುವ, ಇಬ್ಬರು ಕುಳಿತು ಸಾಮಾನು ಪೆಟ್ಟಿಗೆ ಹೊತ್ತು ಆಲ್ಪ್ಸ್ ದಾಟಬಲ್ಲ, ಆದರೂ ತಿರುವಿನಲ್ಲಿ ಡುಕಾಟಿಯೇ ಅನ್ನಿಸುವ ಬೈಕ್ ಬೇಕಿತ್ತು. 1997ರಲ್ಲಿ ಎಸ್‌ಟಿ2 ಮಾರುಕಟ್ಟೆಗೆ ಬಂತು. 944 ಸಿಸಿ, ಎರಡು ಸಿಲಿಂಡರ್, ಸಿಲಿಂಡರಿಗೆ ಎರಡು ವಾಲ್ವ್, ಸುಮಾರು 83 ಅಶ್ವಶಕ್ತಿ. 1999ರಲ್ಲಿ 916ರ, ಸಿಲಿಂಡರಿಗೆ ನಾಲ್ಕು ವಾಲ್ವಿನ ಎಂಜಿನ್ ಹೊತ್ತ ಎಸ್‌ಟಿ4 ಬಂತು. 2001ರಲ್ಲಿ 996 ಸಿಸಿಯ, 117 ಅಶ್ವಶಕ್ತಿಯ ಎಸ್‌ಟಿ4ಎಸ್. ಕೊನೆಯದಾಗಿ 2004ರಲ್ಲಿ, ಸಿಲಿಂಡರಿಗೆ ಮೂರು ವಾಲ್ವಿರುವ 992 ಸಿಸಿಯ ಎಸ್‌ಟಿ3. 2007ರ ಹೊತ್ತಿಗೆ ಈ ವಂಶವೇ ಮುಗಿಯಿತು.

ಮುಗಿದದ್ದು ಬೈಕ್ ಕೆಟ್ಟದ್ದೆಂದಲ್ಲ. ದೂರ ಹೋಗುವವರ ರುಚಿ ಎತ್ತರದ, ನೆಟ್ಟಗೆ ಕೂರುವ ಬೈಕುಗಳತ್ತ ಹೊರಳಿತು. ಅದೇ ಕಂಪನಿಯ ಮಲ್ಟಿಸ್ಟ್ರಾಡಾ 2003ರಲ್ಲೇ ಬಂದು ಎಸ್‌ಟಿಯ ಗಿರಾಕಿಗಳನ್ನು ಎಳೆದುಕೊಂಡಿತು. ಇತ್ತ 916ರಂತೆ ಸಂಗ್ರಹಕಾರರು ಕಣ್ಣಿಡುವ ಚೆಲುವೂ ಎಸ್‌ಟಿಗೆ ಇಲ್ಲ. ಹೀಗೆ ಎರಡೂ ಕಡೆಯಿಂದ ಕೈಬಿಟ್ಟ ಬೈಕ್ ಇದು. ಆದ್ದರಿಂದಲೇ ಇಂಗ್ಲೆಂಡ್, ಜರ್ಮನಿ, ಇಟಲಿಗಳಲ್ಲಿ ಇದು ಹೊಸದಾಗಿದ್ದಾಗಿನ ಬೆಲೆಯ ಸಣ್ಣ ಪಾಲಿಗೆ ಸಿಗುತ್ತದೆ. ಆ ಊರುಗಳಲ್ಲಿ ಕೆಲಸಕ್ಕಿರುವ ನಮ್ಮ ಹುಡುಗರ ಕಣ್ಣಿಗೆ ಬೀಳುವುದೂ ಹೀಗೆಯೇ: ಒಂದು ತಿಂಗಳ ಸಂಬಳದೊಳಗೆ ಡುಕಾಟಿ! ಆ ಉದ್ಗಾರದಲ್ಲೇ ಲೆಕ್ಕ ತಪ್ಪುತ್ತದೆ. ಬೈಕಿನ ಬೆಲೆ ಬಿದ್ದಿದೆ. ಅದರ ಬಿಡಿಭಾಗದ ಬೆಲೆಯಾಗಲಿ, ಮೆಕ್ಯಾನಿಕ್‌ನ ಗಂಟೆಯ ದರವಾಗಲಿ ಬಿದ್ದಿಲ್ಲ.

ಹಾಗಾದರೆ ಅಷ್ಟು ಕೆಲಸ ಏನಿರುತ್ತದೆ? ಇದನ್ನು ತಿಳಿಯಲು ಎಂಜಿನ್ನಿನ ತಲೆಯೊಳಗೆ ಇಣುಕಬೇಕು.

ಪೆಟ್ರೋಲ್ ಮತ್ತು ಗಾಳಿ ಒಳಗೆ ಬರಲು, ಹೊಗೆ ಹೊರಗೆ ಹೋಗಲು ಪ್ರತಿ ಸಿಲಿಂಡರಿಗೂ ವಾಲ್ವುಗಳಿರುತ್ತವೆ. ಸಾಮಾನ್ಯ ಎಂಜಿನ್ನಿನಲ್ಲಿ ಕ್ಯಾಮ್‌ಶಾಫ್ಟ್ ಎಂಬ ಉಬ್ಬುಗಳಿರುವ, ತಿರುಗುವ ದಂಡ ವಾಲ್ವನ್ನು ಒತ್ತಿ ತೆರೆಯುತ್ತದೆ, ಸ್ಪ್ರಿಂಗ್ ಅದನ್ನು ಹಿಂದಕ್ಕೆ ತಳ್ಳಿ ಮುಚ್ಚುತ್ತದೆ. ಸ್ಪ್ರಿಂಗ್ ಹಾಕಿದ ಗೇಟನ್ನು ತಳ್ಳಿ ಒಳಗೆ ಹೋದರೆ ಅದು ತಾನಾಗಿ ಮುಚ್ಚಿಕೊಳ್ಳುವ ಹಾಗೆ. ಆದರೆ ಹತ್ತಾರು ಜನ ಒಬ್ಬರ ಹಿಂದೊಬ್ಬರು ಓಡಿ ಬಂದರೆ ಗೇಟು ಮುಚ್ಚುವುದರೊಳಗೆ ಮತ್ತೆ ತೆರೆದುಕೊಳ್ಳುತ್ತದೆ. ಎಂಜಿನ್ ತೀರಾ ವೇಗವಾಗಿ ತಿರುಗಿದಾಗ ಅಂದಿನ ಸ್ಪ್ರಿಂಗುಗಳಿಗೂ ಇದೇ ಪಾಡು. ಫಾಬಿಯೊ ಟಾಲ್ಯೋನಿ ಎಂಬ ಎಂಜಿನಿಯರ್ 1956ರಲ್ಲಿ ಡುಕಾಟಿಯ 125 ಸಿಸಿ ರೇಸ್ ಬೈಕಿಗೆ ಬೇರೆ ದಾರಿ ಹಿಡಿದರು: ವಾಲ್ವನ್ನು ಮುಚ್ಚುವ ಕೆಲಸವನ್ನೂ ಕ್ಯಾಮಿಗೇ ಕೊಟ್ಟರು. ತೆರೆಯಲು ರಾಕರ್ ಆರ್ಮ್ ಎಂಬ ಒಂದು ಪುಟ್ಟ ಸನ್ನೆ, ಎಳೆದು ಮುಚ್ಚಲು ಇನ್ನೊಂದು. ಇದೇ ಡೆಸ್ಮೊ. ಆ ಬೈಕ್ ಅದೇ ವರ್ಷ ಸ್ವೀಡನ್ನಿನ ಗ್ರಾಂ ಪ್ರಿಯಲ್ಲಿ ಗೆದ್ದಿತು. ಈ ಉಪಾಯ ಟಾಲ್ಯೋನಿಯವರೇ ಮೊದಲು ಕಂಡದ್ದೇನಲ್ಲ. ಮರ್ಸಿಡಿಸ್ 1954ರ ರೇಸ್ ಕಾರಿನಲ್ಲೇ ಬಳಸಿತ್ತು. ರಸ್ತೆಯ ಬೈಕಿಗೆ ತಂದು, ದಶಕಗಳ ಕಾಲ ಬಿಡದೆ ಹಿಡಿದುಕೊಂಡವರು ಡುಕಾಟಿಯವರು.

ಈಗ ಬಿಲ್ಲಿನ ವಿಷಯಕ್ಕೆ ಬರೋಣ. ರಾಕರ್ ಮತ್ತು ವಾಲ್ವಿನ ನಡುವೆ ಕೂದಲೆಳೆಯಷ್ಟು ಸಂದು ಇರಬೇಕು. ಮಿಲಿಮೀಟರಿನ ಹತ್ತನೆಯ ಒಂದು ಭಾಗದ ಆಸುಪಾಸು. ಆ ಸಂದನ್ನು ಹೊಂದಿಸುವುದು ಶಿಮ್ ಎಂಬ ಅಳತೆಯ ಬಿಲ್ಲೆಯಿಂದ. ಡೆಸ್ಮೊದಲ್ಲಿ ತೆರೆಯುವುದಕ್ಕೊಂದು, ಮುಚ್ಚುವುದಕ್ಕೊಂದು, ಹೀಗೆ ಪ್ರತಿ ವಾಲ್ವಿಗೂ ಎರಡು ಶಿಮ್. ಎಸ್‌ಟಿ2ರ ನಾಲ್ಕು ವಾಲ್ವಿಗೆ ಎಂಟು ಅಳತೆ, ಎಸ್‌ಟಿ3ರ ಆರಕ್ಕೆ ಹನ್ನೆರಡು, ಎಸ್‌ಟಿ4ರ ಎಂಟಕ್ಕೆ ಹದಿನಾರು. 10,000 ಕಿಲೋಮೀಟರಿಗೊಮ್ಮೆ ಇವಿಷ್ಟನ್ನೂ ಪರೀಕ್ಷಿಸಬೇಕು. ಮುಚ್ಚುವ ಶಿಮ್ ಅನ್ನು ವಾಲ್ವಿನ ಕಾಂಡದ ಸಣ್ಣ ಕಚ್ಚಿನಲ್ಲಿ ಹಿಡಿದಿಡುವುದು ಎರಡು ತುಂಡಿನ ಒಂದು ಅರೆಬಳೆ. ಒಂದೊಂದು ತುಂಡೂ ಉಗುರಿನ ಚೂರಿಗಿಂತ ದೊಡ್ಡದಲ್ಲ. ಅದು ಕಾಲಕ್ರಮೇಣ ಜಜ್ಜಿಕೊಂಡಂತೆ ಸಂದು ಬದಲಾಗುತ್ತದೆ. ಅದನ್ನು ಬಿಚ್ಚುವಾಗ ಕೈತಪ್ಪಿ ಎಂಜಿನ್ನಿನೊಳಗೆ ಬಿದ್ದರೆ ಆ ದಿನದ ಕೆಲಸ ಅಲ್ಲಿಗೆ ಮುಗಿಯಿತು. ಮೈಮೇಲಿನ ಪ್ಲಾಸ್ಟಿಕ್ ಹೊದಿಕೆ, ಟ್ಯಾಂಕ್, ಬ್ಯಾಟರಿಗಳನ್ನೆಲ್ಲ ಕಳಚಿದ ಮೇಲಷ್ಟೇ ಈ ಜಾಗ ಕೈಗೆ ಸಿಗುವುದು. ದುಡ್ಡು ಹೋಗುವುದು ಶಿಮ್ಮಿಗಲ್ಲ, ಗಂಟೆಗಳಿಗೆ.

ಬೆಲ್ಟಿನ ಕಥೆ ಇದಕ್ಕಿಂತ ಸರಳ, ಪರಿಣಾಮ ಮಾತ್ರ ಘೋರ. ಸಿಲಿಂಡರಿಗೊಂದರಂತೆ ಎರಡು ಹಲ್ಲಿನ ಬೆಲ್ಟುಗಳು ಕ್ಯಾಮ್‌ಶಾಫ್ಟುಗಳನ್ನು ತಿರುಗಿಸುತ್ತವೆ. ಒಂದು ಕಡಿದರೆ ಆ ಕಡೆಯ ಕ್ಯಾಮ್ ನಿಲ್ಲುತ್ತದೆ, ಪಿಸ್ಟನ್ ನಿಲ್ಲುವುದಿಲ್ಲ. ತೆರೆದು ನಿಂತ ವಾಲ್ವಿಗೆ ಪಿಸ್ಟನ್ ಬಂದು ಗುದ್ದುತ್ತದೆ. ಆಮೇಲೆ ನಡೆಯುವ ರಿಪೇರಿಯ ಖರ್ಚು ಅನೇಕ ವೇಳೆ ಬೈಕಿನ ಬೆಲೆಯನ್ನೇ ದಾಟುತ್ತದೆ. ವಿಚಿತ್ರವೆಂದರೆ, ಇಡೀ ಎಂಜಿನ್ನಿನಲ್ಲಿ ಮನೆಯಲ್ಲೇ ಮಾಡಿಕೊಳ್ಳಬಹುದಾದ ಸುಲಭದ ಕೆಲಸಗಳಲ್ಲಿ ಬೆಲ್ಟ್ ಬದಲಾವಣೆಯೂ ಒಂದು. ಬಿಗಿತ ಸರಿಯಿದೆಯೇ ಎಂದು ತಿಳಿಯಲು ಕೆಲವರು ಬೆಲ್ಟಿಗೂ ರೋಲರಿಗೂ ನಡುವೆ ಅಲೆನ್ ಕೀ ತೂರಿಸಿ ನೋಡುತ್ತಾರೆ; ಇನ್ನು ಕೆಲವರು ಬೆರಳಿನಿಂದ ಮೀಟಿ, ಅದರ ಸ್ವರದ ಕಂಪನವನ್ನು ಮೊಬೈಲಿನ ಮೈಕಿನಿಂದ ಅಳೆಯುತ್ತಾರೆ. ಮಾರುವವರು 'ಬೆಲ್ಟ್ ಇತ್ತೀಚೆಗಷ್ಟೇ ಹಾಕಿಸಿದ್ದು' ಎಂದರೆ ತಾರೀಕು ಕೇಳಿ. ಬಿಲ್ ಇಲ್ಲದಿದ್ದರೆ ಹಾಕಿಸಿಯೇ ಇಲ್ಲ ಎಂದು ಲೆಕ್ಕ ಹಿಡಿಯಿರಿ. ಇದು ಅವರನ್ನು ಸುಳ್ಳರೆಂದು ಕರೆಯುವುದಲ್ಲ. 'ಇತ್ತೀಚೆಗೆ' ಎಂಬುದು ಬೈಕ್ ಮಾರುವವರ ಬಾಯಲ್ಲಿ ನಾಲ್ಕು ವರ್ಷವೂ ಆಗಬಲ್ಲದು.

ವಾಲ್ವ್, ಬೆಲ್ಟುಗಳು ನಿಗದಿತ ಖರ್ಚು. ಇವಲ್ಲದೆ ಈ ತಲೆಮಾರಿನ ಬೈಕುಗಳಿಗೆ ಕೆಲವು ಹುಟ್ಟುಗುಣಗಳಿವೆ. ಅವುಗಳಲ್ಲಿ ನಾನು ಮೊದಲು ಹೇಳುವುದು ರಾಕರ್ ಆರ್ಮಿನ ಕ್ರೋಮ್. ಕ್ಯಾಮ್ ಉಜ್ಜುವ ಜಾಗಕ್ಕೆ ಗಟ್ಟಿ ಕ್ರೋಮ್ ಲೇಪ ಕೊಟ್ಟಿರುತ್ತಾರೆ. ತೊಂಬತ್ತರ ದಶಕದ ಕೊನೆಯಿಂದ ಎರಡು ಸಾವಿರದ ಆರಂಭದವರೆಗಿನ, ವಿಶೇಷವಾಗಿ ಸಿಲಿಂಡರಿಗೆ ನಾಲ್ಕು ವಾಲ್ವಿನ ಎಂಜಿನ್ನುಗಳಲ್ಲಿ ಅದು ಹಕ್ಕಳೆ ಎದ್ದು ಉದುರುವುದುಂಟು. ಹೊರಗಿನಿಂದ ಏನೂ ಕಾಣುವುದಿಲ್ಲ, ಸದ್ದೂ ಇರುವುದಿಲ್ಲ. ವಾಲ್ವ್ ನೋಡಲು ಮುಚ್ಚಳ ತೆಗೆದಾಗಲೇ ಗೊತ್ತಾಗುವುದು, ಅಷ್ಟರಲ್ಲಿ ಕ್ಯಾಮೂ ಗೀಚಿಕೊಂಡಿರಬಹುದು. ಹಾಗಾಗಿ ಎಸ್‌ಟಿ4 ಅಥವಾ ಎಸ್‌ಟಿ4ಎಸ್ ನೋಡಲು ಹೋದವರು 'ರಾಕರ್ ಬದಲಾಯಿಸಿದ್ದೀರಾ?' ಎಂದು ಕೇಳಲೇಬೇಕು. 'ಅದೇನು?' ಎಂಬ ಉತ್ತರ ಬಂದರೆ, ವಾಲ್ವಿನ ಕೆಲಸವೂ ಆಗಿರಲಿಕ್ಕಿಲ್ಲ.

ಎಡಗಡೆ, ಮುಂದಿನ ಚೈನ್ ಚಕ್ರದ ಹತ್ತಿರ ದ್ರವದ ಒತ್ತಡದಿಂದ ಕ್ಲಚ್ಚನ್ನು ಬಿಡಿಸುವ ಸ್ಲೇವ್ ಸಿಲಿಂಡರ್ ಇರುತ್ತದೆ. ಸೋರುವುದು ಅದರ ಜಾತಿಗುಣ. ಅದರ ಕೆಳಗೆ ಬಣ್ಣ ಕಿತ್ತು ಬಂದಿದ್ದರೆ ಬ್ರೇಕ್ ದ್ರವ ಅಲ್ಲಿ ಬಹಳ ದಿನ ತೊಟ್ಟಿಕ್ಕಿದೆ ಎಂದರ್ಥ. ಹೆದರಬೇಕಾದ ದೋಷವಲ್ಲ, ಬೇರೆ ಕಂಪನಿಗಳ ಉತ್ತಮ ಸಿಲಿಂಡರುಗಳು ಸಿಗುತ್ತವೆ. ಇನ್ನು ಎಸ್‌ಟಿ4ಎಸ್‌ನಂಥ ಒಣ (ಎಣ್ಣೆಯಲ್ಲಿ ಮುಳುಗಿರದ) ಕ್ಲಚ್ಚಿನ ಬೈಕು ನ್ಯೂಟ್ರಲ್‌ನಲ್ಲಿ ನಿಂತಾಗ ಗಲಗಲ ಎನ್ನುತ್ತದೆ. ಮೊದಲ ಸಲ ಕೇಳಿದವರು ಎಂಜಿನ್ನೇ ಬಿಚ್ಚಿಕೊಂಡಿತೆಂದು ಗಾಬರಿಯಾಗುತ್ತಾರೆ. ಅದು ಇರಬೇಕಾದ ಸದ್ದೇ. ಸ್ಟಾರ್ಟ್ ಮಾಡುವಾಗ ಮೋಟರ್ ತಿರುಗಿ ಎಂಜಿನ್ ತಿರುಗದೆ ಕಿರ್ರೆಂದು ಜಾರಿದರೆ ಮಾತ್ರ ಯೋಚಿಸಬೇಕು. ಒಳಗಿನ ಏಕಮುಖ ಕ್ಲಚ್ ಸವೆದಿದೆ.

ಇಟಾಲಿಯನ್ ಬೈಕಿನ ವಿದ್ಯುತ್ತಿನ ಬಗ್ಗೆ ಹಾಸ್ಯಗಳಿಗೆ ಬರವಿಲ್ಲ. ಈ ಬೈಕುಗಳ ಮಟ್ಟಿಗೆ ಸಾಮಾನ್ಯವಾಗಿ ಕೈಕೊಡುವುದು ಬ್ಯಾಟರಿಗೆ ಹೋಗುವ ವೋಲ್ಟೇಜನ್ನು ಹದದಲ್ಲಿಡುವ ರೆಗ್ಯುಲೇಟರ್ ಮತ್ತು ಅದರ ಕನೆಕ್ಟರುಗಳು. ಇದನ್ನು ನಂಬಿಕೆಯ ಮೇಲೆ ಬಿಡಬೇಕಾಗಿಲ್ಲ, ಜೇಬಿನಲ್ಲಿ ಒಂದು ಅಗ್ಗದ ಮಲ್ಟಿಮೀಟರ್ ಇದ್ದರೆ ಸಾಕು. ಎಂಜಿನ್ ನಿಮಿಷಕ್ಕೆ 3,000ದಿಂದ 4,000 ಸುತ್ತಿನಲ್ಲಿರುವಾಗ ಬ್ಯಾಟರಿಯ ತುದಿಗಳಲ್ಲಿ 14 ವೋಲ್ಟಿನ ಆಸುಪಾಸು ತೋರಿಸಬೇಕು. 13ರ ಕೆಳಗೇ ಉಳಿದರೆ ಚಾರ್ಜ್ ಆಗುತ್ತಿಲ್ಲ; 15 ದಾಟಿದರೆ ಬ್ಯಾಟರಿ ಬೇಯುತ್ತಿದೆ.

ನೋಡಲು ಹೋಗುವ ಮುಂಚೆ ಫೋನಿನಲ್ಲೇ ಒಂದು ಮಾತು ಹೇಳಿ: 'ನಾನು ಬರುವವರೆಗೆ ಸ್ಟಾರ್ಟ್ ಮಾಡಬೇಡಿ.' ಹೋದ ಕೂಡಲೇ, ನಮಸ್ಕಾರದ ಜೊತೆಗೇ, ಎಂಜಿನ್ನಿನ ಮೇಲೆ ಕೈ ಇಟ್ಟು ನೋಡಿ. ಬೆಚ್ಚಗಿದ್ದರೆ ತಣ್ಣಗಿದ್ದಾಗಿನ ತೊಂದರೆಯೇನನ್ನೋ ಮುಚ್ಚಿಡುತ್ತಿದ್ದಾರೆ, ಇಲ್ಲವೇ ನಿಮ್ಮ ಮಾತು ಮರೆತಿದ್ದಾರೆ. ಎರಡೂ ತಿಳಿದುಕೊಳ್ಳಬೇಕಾದ ಸಂಗತಿಗಳೇ. ಟೈರಿನ ಪಕ್ಕದಲ್ಲಿ ನಾಲ್ಕು ಅಂಕಿಯ ಮುದ್ರೆ ಇರುತ್ತದೆ, ಮೊದಲೆರಡು ವಾರ, ಕೊನೆಯೆರಡು ವರ್ಷ. ಕಚ್ಚು ಚೆನ್ನಾಗಿದ್ದು ಅಂಕಿ ಹತ್ತು ವರ್ಷ ಹಳೆಯದಾಗಿದ್ದರೆ ಹೊಸ ಟೈರಿನ ಜೋಡಿಯನ್ನೂ ಖರ್ಚಿಗೆ ಸೇರಿಸಿ. ಎಸ್‌ಟಿ4ಎಸ್‌ನಂಥ, ಇಮ್ಮೊಬಿಲೈಸರ್ (ಸರಿಯಾದ ಕೀಲಿ ಇಲ್ಲದೆ ಎಂಜಿನ್ ಶುರುವಾಗದಂತೆ ತಡೆಯುವ ವ್ಯವಸ್ಥೆ) ಇರುವ ಮಾದರಿಯಾದರೆ ಕಪ್ಪು ಕೀಲಿಗಳ ಜೊತೆ ಒಂದು ಕೆಂಪು ಕೀಲಿ ಮತ್ತು ಕೋಡ್ ಬರೆದ ಕಾರ್ಡ್ ಇರಬೇಕು. ಹೊಸ ಕೀಲಿಯನ್ನು ಬೈಕಿಗೆ ಪರಿಚಯಿಸುವುದು ಆ ಕೆಂಪು ಕೀಲಿಯೇ. 'ಎಲ್ಲೋ ಮನೆಯಲ್ಲಿದೆ, ಆಮೇಲೆ ಕಳಿಸುತ್ತೇನೆ' ಎಂದರೆ ದುಡ್ಡನ್ನೂ ಆಮೇಲೆ ಕಳಿಸಿ.

ಕಾಗದಗಳ ವಿಷಯದಲ್ಲಿ ಬ್ರಿಟನ್ನಿನಲ್ಲಿರುವವರು ಪುಣ್ಯವಂತರು. ಅಲ್ಲಿ ವರ್ಷಕ್ಕೊಮ್ಮೆ ನಡೆಯುವ ಎಂಒಟಿ ತಪಾಸಣೆಯ ಇತಿಹಾಸವನ್ನು ನೋಂದಣಿ ಸಂಖ್ಯೆ ಹಾಕಿ ಯಾರು ಬೇಕಾದರೂ ಸರ್ಕಾರದ ಜಾಲತಾಣದಲ್ಲಿ ಪುಕ್ಕಟೆಯಾಗಿ ನೋಡಬಹುದು. ಪ್ರತಿ ವರ್ಷದ ಓಡೋಮೀಟರ್ ಅಂಕಿ, ಫೇಲಾದ ಕಾರಣ, ತಪಾಸಕರ ಎಚ್ಚರಿಕೆ ಎಲ್ಲವೂ ಅಲ್ಲಿರುತ್ತದೆ. ಬೈಕ್ ನೋಡಲು ಹೋಗುವ ಮೊದಲೇ ಹತ್ತು ನಿಮಿಷ ಅದನ್ನು ಓದಿದರೆ, ಅದು ಯಾವ ವರ್ಷಗಳಲ್ಲಿ ಸುಮ್ಮನೆ ನಿಂತಿತ್ತೆಂಬುದು ತಿಳಿಯುತ್ತದೆ. ಜರ್ಮನಿಯಲ್ಲಿ ತಪಾಸಣೆ ಎರಡು ವರ್ಷಕ್ಕೊಮ್ಮೆ. ಹಳೆಯ ವರದಿಗಳನ್ನು ಮಾಲೀಕರಿಂದಲೇ ಕೇಳಿ ಪಡೆಯಬೇಕು.

ಇಷ್ಟಾದ ಮೇಲೆ ಲೆಕ್ಕ ಹಾಕುವುದು ಹೇಗೆ? ನಾನು ಬಳಸುವ ಕ್ರಮ ಒರಟಾದದ್ದು. ಬಿಲ್ಲಿನಿಂದ ಸಾಬೀತಾಗದ ಕೆಲಸಗಳೆಲ್ಲವೂ ಆಗಿಲ್ಲವೆಂದು ಇಟ್ಟುಕೊಳ್ಳುತ್ತೇನೆ: ಬೆಲ್ಟ್, ವಾಲ್ವ್, ಟೈರ್, ಬ್ರೇಕ್ ಮತ್ತು ಕ್ಲಚ್ಚಿನ ದ್ರವ, ಕೂಲಂಟ್, ಫೋರ್ಕಿನ ಎಣ್ಣೆ ಮತ್ತು ಸೀಲ್, ಟ್ಯಾಂಕಿನೊಳಗಿನ ಪೆಟ್ರೋಲ್ ಕೊಳವೆಗಳು, ಬ್ಯಾಟರಿ. ಹತ್ತಿರದ ಮೆಕ್ಯಾನಿಕ್‌ಗೆ ಫೋನ್ ಮಾಡಿ, ಇದಿಷ್ಟಕ್ಕೆ ಎಷ್ಟಾಗುತ್ತದೆ ಎಂದು ಕೇಳಿ, ಆ ಮೊತ್ತವನ್ನು ಮಾರುವವರು ಹೇಳಿದ ಬೆಲೆಗೆ ಸೇರಿಸುತ್ತೇನೆ. ಆಗ ಬರುವ ಮೊತ್ತವೇ ಆ ಬೈಕಿನ ಬೆಲೆ. ಹೀಗೆ ಕೂಡಿ ನೋಡಿದರೆ, ಅರುವತ್ತು ಸಾವಿರ ಕಿಲೋಮೀಟರ್ ಓಡಿ ಫೈಲು ತುಂಬ ಬಿಲ್ಲುಗಳಿರುವ ಬೈಕು, ಹದಿನಾಲ್ಕು ಸಾವಿರ ಓಡಿ ಹೊಳೆಯುತ್ತಿರುವ ಬೈಕಿಗಿಂತ ಎಷ್ಟೋ ಸಲ ಅಗ್ಗವಾಗಿ ಕಾಣುತ್ತದೆ. ಆ ಫೋನ್ ಕರೆಗೆ ಇನ್ನೂ ಒಂದು ಲಾಭವಿದೆ. 'ಅಷ್ಟು ಹಳೆಯದನ್ನು ನಾವು ಮುಟ್ಟುವುದಿಲ್ಲ' ಎಂಬ ಉತ್ತರ ಮೂರು ಕಡೆ ಬಂದರೆ, ನಿಮ್ಮ ಊರಿನಲ್ಲಿ ಈ ಬೈಕ್ ಕೊಳ್ಳಬಾರದು; ನಾಲ್ಕನೆಯ ಮಾತೇ ಬೇಡ.

ಸ್ಪಾನರ್ ಹಿಡಿಯಲು ಮನಸ್ಸಿರುವವರಿಗೆ ಲೆಕ್ಕ ಬದಲಾಗುತ್ತದೆ. ಅವರಿಗೆ ನಾನು ಎಸ್‌ಟಿ2 ಹೇಳುತ್ತೇನೆ: ಎಂಟೇ ಅಳತೆ, ಒಳಗೆ ಕೈಯಾಡಿಸಲು ಜಾಗ, ಕೆಳ ವೇಗದಲ್ಲೂ ಎಳೆಯುವ ಎಂಜಿನ್. ಸ್ವಲ್ಪ ಹೆಚ್ಚು ಕೊಡಲು ಸಿದ್ಧರಿದ್ದರೆ ಎಸ್‌ಟಿ3. ವಂಶದಲ್ಲಿ ಎಲ್ಲಕ್ಕಿಂತ ಹೊಸದು, ದಿನಬಳಕೆಗೆ ಎಲ್ಲಕ್ಕಿಂತ ಒಳ್ಳೆಯದು. ಎಸ್‌ಟಿ4ಎಸ್ ಮೇಲೆ ಕಣ್ಣು ಬೀಳದವರಿಲ್ಲ. 117 ಅಶ್ವಶಕ್ತಿ, ಹಿಂದೆ ಓಲಿನ್ಸ್ ಸಸ್ಪೆನ್ಷನ್. ಸರ್ವೀಸಿಗೆ ಹಣ ಕೊಟ್ಟು ಮಾಡಿಸುವವರಿಗೆ ಹದಿನಾರು ಅಳತೆಗಳ ಬಿಲ್ ಬರುವುದೂ ಅದರಿಂದಲೇ. ಒಂದೇ ಬೈಕ್ ಇಟ್ಟುಕೊಂಡು ಪ್ರತಿದಿನ ಕೆಲಸಕ್ಕೆ ಅದರಲ್ಲೇ ಹೋಗಬೇಕಾದವರು ಈ ಮೂರನ್ನೂ ಬಿಟ್ಟು ಜಪಾನಿನ ಬೈಕನ್ನು ನೋಡುವುದು ಒಳ್ಳೆಯದು. ಬಿಡಿಭಾಗ ಬರುವವರೆಗೆ ಎರಡು ವಾರ ಬಸ್ ಹತ್ತಲು ಬೇಸರವಿಲ್ಲದವರಿಗೆ ಮಾತ್ರ ಎಸ್‌ಟಿ ಹೊಂದುತ್ತದೆ.

ಇಟಲಿಯದೇ ಬೇಕು, ಡೆಸ್ಮೊ ಬೇಡ ಎನ್ನುವವರಿಗೂ ದಾರಿಗಳಿವೆ. ನೊವಾಲೆಯ ಏಪ್ರಿಲಿಯಾ 2001ರಲ್ಲಿ ಫ್ಯೂಚುರಾ ಎಂಬ ಬೈಕ್ ತಂದಿತ್ತು. ಆಸ್ಟ್ರಿಯಾದ ರೋಟ್ಯಾಕ್ಸ್‌ನ 998 ಸಿಸಿ ಎಂಜಿನ್, ಬದಲಾಯಿಸಲು ಬೆಲ್ಟುಗಳೇ ಇಲ್ಲ. ಎಂಜಿನ್ ಗಟ್ಟಿಮುಟ್ಟು. ಆದರೆ ಮಾರಾಟವಾದದ್ದೇ ಕಡಿಮೆ, ಕೆಲವೇ ವರ್ಷಕ್ಕೆ ನಿಂತಿತು. ಬಿದ್ದು ಮೈಹೊದಿಕೆ ಒಡೆದರೆ ಇನ್ನೊಂದನ್ನು ಹುಡುಕುವುದೇ ಒಂದು ವ್ರತ. ಕೋಮೊ ಸರೋವರದ ದಡದ ಮಾಂಡೆಲ್ಲೊದಲ್ಲಿ ತಯಾರಾದ ಮೋಟೊ ಗುಟ್ಸಿ ನಾರ್ಜೆ 1200 ನನ್ನ ಮೆಚ್ಚಿನದು. 1928ರಲ್ಲಿ ಜುಸೆಪ್ಪೆ ಗುಟ್ಸಿ ಹೊಸ ಬಗೆಯ ಹಿಂದಿನ ಸಸ್ಪೆನ್ಷನ್ನನ್ನು ಪರೀಕ್ಷಿಸಲು ನಾರ್ವೆಯ ಉತ್ತರ ತುದಿಯ ಕಡೆಗೆ ಹೋದ ಪ್ರಯಾಣದ ನೆನಪಿಗೆ ಇಟ್ಟ ಹೆಸರು ಅದು. ಇದರ ಎರಡು ಸಿಲಿಂಡರುಗಳು ಸವಾರನ ಮೊಣಕಾಲಿನ ಮುಂದೆ ಆಚೀಚೆ ಚಾಚಿಕೊಂಡಿವೆ. ಮುಚ್ಚಳ ಬಿಚ್ಚಿ, ನಟ್ಟು ಸಡಿಲಿಸಿ, ಸ್ಕ್ರೂ ತಿರುಗಿಸಿದರೆ ವಾಲ್ವಿನ ಸಂದು ಸರಿಯಾಯಿತು. ಮಧ್ಯಾಹ್ನದ ಊಟದೊಳಗೆ ಮುಗಿಯುವ ಕೆಲಸ. ಹಿಂದಿನ ಚಕ್ರ ತಿರುಗಿಸಲು ಚೈನೂ ಇಲ್ಲ, ಶಾಫ್ಟ್. ಒಂದು ಎಚ್ಚರಿಕೆ: 2011ರಲ್ಲಿ ಬಂದ, ಒಟ್ಟು ಎಂಟು ವಾಲ್ವಿನ ನಾರ್ಜೆಯ ಮೊದಲ ಎಂಜಿನ್ನುಗಳಲ್ಲಿ ಕ್ಯಾಮಿಗೆ ತಾಗುವ ಚಪ್ಪಟೆ ಟ್ಯಾಪೆಟ್ಟುಗಳ ಲೇಪ ಎದ್ದು ಬರುವ ರೋಗವಿತ್ತು. ಕಂಪನಿ ಆಮೇಲೆ ರೋಲರುಗಳಿಗೆ ಬದಲಾಯಿತು. ಮೊದಲಿನದಾದರೆ ರೋಲರ್ ಹಾಕಿಸಿದ ದಾಖಲೆ ಬೇಕೇ ಬೇಕು. 2006ರಿಂದ ಬಂದ, ಒಟ್ಟು ನಾಲ್ಕು ವಾಲ್ವಿನ ಹಳೆಯ ನಾರ್ಜೆಗೆ ಈ ತಾಪತ್ರಯವಿಲ್ಲ.

ಬೆಂಗಳೂರಿನಲ್ಲಿ ಕುಳಿತು ಎಸ್‌ಟಿಯ ಕನಸು ಕಾಣುವವರಿಗೆ ಕಾನೂನೇ ಅಡ್ಡ ಬರುತ್ತದೆ: ತಯಾರಾಗಿ ಮೂರು ವರ್ಷ ದಾಟಿದ ಹಳೆಯ ವಾಹನವನ್ನು ಭಾರತಕ್ಕೆ ತರಿಸಿಕೊಳ್ಳುವಂತಿಲ್ಲ. ಇಲ್ಲಿ ಸೆಕೆಂಡ್ ಹ್ಯಾಂಡ್ ಸಿಗುವುದು 2017ರಿಂದ ಬಂದ ಸೂಪರ್‌ಸ್ಪೋರ್ಟ್, ಮಲ್ಟಿಸ್ಟ್ರಾಡಾ 950ರಂಥವು. ಇವೂ ಡೆಸ್ಮೊಗಳೇ, ಆದರೆ ವಾಲ್ವ್ ತಪಾಸಣೆ 30,000 ಕಿಲೋಮೀಟರಿಗೆ, ಬೆಲ್ಟ್ ಐದು ವರ್ಷಕ್ಕೆ. ಅಂದರೆ 2018ರ ಬೈಕಿನ ಬೆಲ್ಟು ಎಷ್ಟೇ ಕಡಿಮೆ ಓಡಿದ್ದರೂ ಒಮ್ಮೆಯಾದರೂ ಬದಲಾಗಿರಲೇಬೇಕು. ಕಂಪನಿಯೂ ಈ ಖರ್ಚಿನಿಂದ ದೂರ ಸರಿಯುತ್ತಿದೆ. ಮಲ್ಟಿಸ್ಟ್ರಾಡಾ ವಿ4ರಲ್ಲಿ ಡೆಸ್ಮೊ ಕೈಬಿಟ್ಟು ಸ್ಪ್ರಿಂಗ್ ಹಾಕಿದೆ, ವಾಲ್ವ್ ತಪಾಸಣೆ 60,000 ಕಿಲೋಮೀಟರಿಗೆ ಹೋಗಿದೆ. ಇಲ್ಲಿನ ಕೊಳ್ಳುವವರಿಗೆ ಇನ್ನೊಂದು ಖರ್ಚು ಉಂಟು, ಅದು ಬೊಲೋನ್ಯಾದಿಂದ ಬರುವುದಲ್ಲ. ಪುದುಚೇರಿಯ ಅಥವಾ ದೆಹಲಿಯ ನೋಂದಣಿಯ ಬೈಕು ಅಗ್ಗಕ್ಕೆ ಸಿಕ್ಕಿತೆಂದು ತಂದು ಇಲ್ಲೇ ಇಟ್ಟುಕೊಂಡರೆ ಎನ್‌ಒಸಿ, ಮರುನೋಂದಣಿ, ಕರ್ನಾಟಕದ ಜೀವಾವಧಿ ತೆರಿಗೆ ಎಲ್ಲವೂ ಬೆನ್ನಿಗೆ ಬೀಳುತ್ತವೆ. ಬೆಲೆ ಚೌಕಾಸಿ ಮಾಡುವ ಮುನ್ನ ಆರ್‌ಟಿಒದಲ್ಲಿ ಆ ಅಂಕಿಯನ್ನು ಕೇಳಿಕೊಂಡು ಬನ್ನಿ.